ಮೆಕ್ಯಾನಿಕಲ್ ಬಿಟ್ಟು ಫೈನಾನ್ಸ್‌ಗೆ ಹೋಗಬೇಕು, ಮೊದಲ ಕೆಲಸ ಯಾವುದು ಹಿಡಿಯಲಿ?

ಕಿಲ್ನ್ ಪಕ್ಕದವನು, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ನನ್ನದು ಬಿಇ ಮೆಕ್ಯಾನಿಕಲ್, ವಯಸ್ಸು 27. ಗಿಣಿಗೇರಾ ಕಡೆ ಒಂದು ಸ್ಪಾಂಜ್ ಐರನ್ (ಉಕ್ಕು ಮಾಡಲು ಬಳಸುವ ಕಬ್ಬಿಣ) ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ, ನಾಲ್ಕು ವರ್ಷದ ಮೇಲಾಯಿತು. ಶಿಫ್ಟ್, ಧೂಳು, ನಡುರಾತ್ರಿ ಫೋನ್, ಸಾಕಾಗಿದೆ. ಹಾಗಂತ ಬರೀ ಬೇಸರಕ್ಕೆ ಬಿಡುತ್ತಿಲ್ಲ. ಕಂಪನಿಗಳ ಬ್ಯಾಲೆನ್ಸ್ ಶೀಟ್ ಓದುವ ಚಟ ಹತ್ತಿದೆ, ಲೆಕ್ಕದ ಕೆಲಸ ನಿಜಕ್ಕೂ ಇಷ್ಟ.

ಒಂದು ಖಾಸಗಿ ಬ್ಯಾಂಕಿನ ಗಂಗಾವತಿ ಶಾಖೆಯಲ್ಲಿ ರಿಲೇಶನ್‌ಶಿಪ್ ಆಫೀಸರ್ ಅಂತ ಕರೆದಿದ್ದಾರೆ, ಸಂಬಳ ಈಗಿನಷ್ಟೇ, ಇನ್ಸೆಂಟಿವ್ ಬೇರೆ. ಬಳ್ಳಾರಿಯ ಒಂದು ಸಿಎ ಆಫೀಸಿನಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸ ಇದೆ, ಆದರೆ ಸಂಬಳ ಅರ್ಧಕ್ಕಿಂತ ಕಡಿಮೆ. ಬೆಂಗಳೂರಿನಲ್ಲಿ ಫಂಡ್ ಅಕೌಂಟಿಂಗ್ (ಹೂಡಿಕೆ ಫಂಡ್‌ಗಳ ಲೆಕ್ಕ ಇಡುವುದು) ಅಂತ ಕಾಂಟ್ರಾಕ್ಟ್ ಕೆಲಸ, ಅದೂ ರಾತ್ರಿ ಪಾಳಿ. ಅಪ್ಪನಿಗೆ ಬ್ಯಾಂಕ್ ನೇಮಕಾತಿ ಪರೀಕ್ಷೆಯೇ ಸರಿ, "ಐಬಿಪಿಎಸ್ ಬರಿ, ಸುಮ್ನೆ ತಲೆ ಕೆಡಿಸ್ಕೋಬೇಡ" ಅಂತಾರೆ. ಎಂಬಿಎ ಮಾಡಲೇಬೇಕಾ? ಸಿಎಫ್‌ಎ (ಹೂಡಿಕೆ ವಿಶ್ಲೇಷಣೆಯ ಕೋರ್ಸ್) ಮಾಡಿದರೆ ಉಪಯೋಗ ಇದೆಯಾ? ಈ ಕಡೆಯವರೇ ಹೇಳಿದರೆ ಒಳ್ಳೆಯದು.

ಗಂಗಾವತಿ ಲೋನ್ ಡೆಸ್ಕ್

ತಮ್ಮಾ, ಮೊದಲು ಆಫರ್ ಲೆಟರ್ ತೆಗೆದು ನೋಡು. ಡಿಪಾರ್ಟ್‌ಮೆಂಟ್ ಅಂತ ಇರುವ ಕಡೆ ಸೇಲ್ಸ್ ಅಂತ ಇದೆಯಾ, ಕ್ರೆಡಿಟ್ (ಸಾಲ ಕೊಡಬಹುದಾ ಅಂತ ಪರಿಶೀಲಿಸುವ ವಿಭಾಗ) ಅಂತ ಇದೆಯಾ? ಹುದ್ದೆಯ ಹೆಸರು ಏನು ಬೇಕಾದರೂ ಇರಬಹುದು. ನಾನು ಹಿಂದೆ ಇದ್ದ ಬ್ಯಾಂಕಿನಲ್ಲೂ ಇದೇ ಹೆಸರಿನ ಕೆಲಸ ಇತ್ತು. ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಮೀಟಿಂಗ್, ನಿನ್ನೆ ಎಷ್ಟು ಅಕೌಂಟ್ ತೆರೆಸಿದೆ, ಎಷ್ಟು ಪಾಲಿಸಿ ಮಾರಿದೆ, ಅಷ್ಟೇ ಮಾತು. ಬ್ಯಾಲೆನ್ಸ್ ಶೀಟ್ ಓದುವ ಆಸೆ ಇಟ್ಟುಕೊಂಡು ಅಲ್ಲಿಗೆ ಹೋದರೆ ಆರು ತಿಂಗಳಲ್ಲಿ ಓಡಿ ಬರುತ್ತೀಯ.

ಕ್ರೆಡಿಟ್ ಕಡೆ ಆದರೆ ಕಣ್ಣು ಮುಚ್ಚಿಕೊಂಡು ಹೋಗು. ಗಂಗಾವತಿ ಅಂದರೆ ರೈಸ್ ಮಿಲ್. ಮಿಲ್ಲಿನವರು ವರ್ಕಿಂಗ್ ಕ್ಯಾಪಿಟಲ್ ಸಾಲ, ಅಂದರೆ ದಿನನಿತ್ಯದ ವಹಿವಾಟಿಗೆ ಬೇಕಾದ ಸಾಲ, ತೆಗೆದುಕೊಂಡರೆ ತಿಂಗಳು ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ನಾವು ಗೋದಾಮಿಗೆ ಹೋಗಿ ಚೀಲ ಎಣಿಸಬೇಕು. ಎಣಿಸುವುದು ಅಂದರೆ ಉದ್ದ, ಅಗಲ, ಎತ್ತರ ನೋಡಿ ಗುಣಿಸುವುದಷ್ಟೇ ಅಲ್ಲ, ರಾಶಿಯ ಮೇಲೆ ಹತ್ತಿ ನೋಡಬೇಕು, ಯಾಕಂದರೆ ಹೊರಗಿನ ಸಾಲು ಮಾತ್ರ ಜೋಡಿಸಿ ಒಳಗೆ ಟೊಳ್ಳು ಬಿಟ್ಟಿರುವವರೂ ಇರುತ್ತಾರೆ. ಇನ್ನು ಮಿಲ್ ಗಂಟೆಗೆ ಎಷ್ಟು ಟನ್ ಆಡಿಸುತ್ತದೆ, ಅವರು ತೋರಿಸಿದ ಮಾರಾಟಕ್ಕೂ ಜೆಸ್ಕಾಂ ಕರೆಂಟ್ ಬಿಲ್ಲಿಗೂ ತಾಳೆ ಆಗುತ್ತದಾ, ಇದನ್ನ ಬಿಕಾಂ ಮಾಡಿದ ಹುಡುಗನಿಗಿಂತ ನೀನು ಬೇಗ ಹಿಡಿಯುತ್ತೀಯ. ಸಣ್ಣ ಉದ್ಯಮಕ್ಕೆ ಅಂದಾಜು ವಹಿವಾಟಿನ 20% ವರ್ಕಿಂಗ್ ಕ್ಯಾಪಿಟಲ್ ಕೊಡುವ ಲೆಕ್ಕ ಇದೆಯಲ್ಲ, ಅದರಲ್ಲಿ ಆ "ಅಂದಾಜು" ನಂಬಬಹುದಾ ಅನ್ನುವುದೇ ಕ್ರೆಡಿಟ್‌ನವನ ಕೆಲಸ.

ಟ್ಯಾಲಿ ಅಕ್ಕ, ಬಳ್ಳಾರಿ

ಸಿಎ ಆಫೀಸ್ ಬಗ್ಗೆ ನಾನು ಹೇಳುತ್ತೇನೆ, ಅಲ್ಲೇ ಕೆಲಸ ನನಗೆ. ಇಲ್ಲಿ ತಿಂಗಳು ಅಂದರೆ ತಾರೀಖು. 7ಕ್ಕೆ ಟಿಡಿಎಸ್ (ಮೊದಲೇ ಹಿಡಿದಿಟ್ಟ ತೆರಿಗೆ) ಕಟ್ಟಬೇಕು, 11ಕ್ಕೆ ಮಾರಾಟದ ಜಿಎಸ್‌ಟಿ ರಿಟರ್ನ್ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ 3ಬಿ. ನಮ್ಮ ಕ್ಲೈಂಟ್‌ಗಳಲ್ಲಿ ಜೀನ್ಸ್ ಯೂನಿಟ್‌ನವರು ಜಾಸ್ತಿ. ಬಟ್ಟೆ ಒಬ್ಬರದು, ಹೊಲಿಗೆ ಇನ್ನೊಬ್ಬರದು, ವಾಷಿಂಗ್ ಮತ್ತೊಬ್ಬರದು, ಎಲ್ಲಾ ಜಾಬ್ ವರ್ಕ್ (ಬೇರೆಯವರ ಮಾಲಿಗೆ ಕೂಲಿ ಕೆಲಸ) ಬಿಲ್. 14ಕ್ಕೆ 2ಬಿ, ಅಂದರೆ ಸಪ್ಲೈಯರ್‌ಗಳು ತೋರಿಸಿದ ಬಿಲ್‌ಗಳ ಪಟ್ಟಿ ಬರುತ್ತದೆ, ಅದರಲ್ಲಿ ಸಪ್ಲೈಯರ್ ಬಿಲ್ ಇಲ್ಲ ಅಂದರೆ ಆ ತಿಂಗಳು ಖರೀದಿಗೆ ಕೊಟ್ಟ ಜಿಎಸ್‌ಟಿಯ ಕ್ರೆಡಿಟ್ ಇಲ್ಲ. ಮಾಲೀಕರು ಫೋನ್ ಮಾಡಿ "ಮೇಡಂ, ಬಿಲ್ ನನ್ನ ಕೈಯಲ್ಲೇ ಐತಲ್ರೀ" ಅಂತಾರೆ. ಕೈಯಲ್ಲಿದ್ದರೆ ಸಾಲದು, ಅವನು ರಿಟರ್ನ್ ಹಾಕಿರಬೇಕು ಅಂತ ತಿಳಿಸಿ ಹೇಳುವುದೂ ನಮ್ಮ ಕೆಲಸವೇ.

ಡೆಬಿಟ್-ಕ್ರೆಡಿಟ್ ಕೈಗೆ ಹತ್ತಬೇಕು ಅಂದರೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ವರ್ಷಕ್ಕಿಂತ ಜಾಸ್ತಿ ಇರಬೇಡಿ. ಸಿಎ ಮಾಡುವವರಿಗೆ ಬಿಟ್ಟರೆ ಬೇರೆಯವರಿಗೆ ಇಲ್ಲಿ ಮೇಲೆ ಹೋಗಲು ಮೆಟ್ಟಿಲೇ ಇಲ್ಲ. ಬಿಇಯಲ್ಲಿ 60% ಇದ್ದರೆ ಸಿಎ ಇಂಟರ್‌ಮೀಡಿಯೆಟ್‌ಗೆ ನೇರ ಸೇರಬಹುದು, ಆರ್ಟಿಕಲ್‌ಶಿಪ್ (ಸಿಎ ಕೈಕೆಳಗಿನ ತರಬೇತಿ) ಈಗ ಎರಡು ವರ್ಷ. ಅಷ್ಟು ತಾಳ್ಮೆ ಇಲ್ಲದಿದ್ದರೆ ಸಿಎಂಎ (ಕಾಸ್ಟ್ ಅಕೌಂಟೆಂಟ್ ಕೋರ್ಸ್) ನೋಡಿ, ಅದಕ್ಕೂ ಪದವಿ ಇದ್ದವರು ನೇರ ಇಂಟರ್‌ಮೀಡಿಯೆಟ್‌ಗೇ ಸೇರುತ್ತಾರೆ. ಕಂಪನಿ ಕಾಯ್ದೆ 2013ರ 148ನೇ ಸೆಕ್ಷನ್ ಪ್ರಕಾರ ಕಾಸ್ಟ್ ಆಡಿಟ್ (ಉತ್ಪಾದನಾ ವೆಚ್ಚದ ಲೆಕ್ಕ ತಪಾಸಣೆ) ಮಾಡಿಸಬೇಕಾದ ಉದ್ಯಮಗಳ ಪಟ್ಟಿಯಲ್ಲಿ ಉಕ್ಕು, ಸಿಮೆಂಟ್, ವಿದ್ಯುತ್ ಇವೆ. ನಮ್ಮ ಈ ಕಡೆಯ ಜಿಲ್ಲೆಗಳಲ್ಲಿ ಇರುವುದು ಅವೇ ಅಲ್ವಾ?

ರಾಯಚೂರು ಬ್ಯಾಂಕಿನವರು

ನಿಮ್ಮ ತಂದೆಯವರ ಮಾತನ್ನ ಪೂರ್ತಿ ತಳ್ಳಿಹಾಕಬೇಡಿ. ಐಬಿಪಿಎಸ್ ಮೂಲಕವೇ ಆಗುವ ಗ್ರಾಮೀಣ ಬ್ಯಾಂಕ್ ಆಫೀಸರ್ ಸ್ಕೇಲ್-1ಕ್ಕೆ ಯಾವ ಪದವಿಯಾದರೂ ನಡೆಯುತ್ತದೆ, ಸಾಮಾನ್ಯ ವರ್ಗಕ್ಕೆ ವಯಸ್ಸು 30ರ ಒಳಗೆ. ಆಫೀಸ್ ಅಸಿಸ್ಟೆಂಟ್‌ಗೆ 28, ಅದು ನಿಮಗೆ ಹತ್ತಿರ ಬಂದಿದೆ. ಮೀಸಲಾತಿ ಇದ್ದರೆ ಸಡಿಲಿಕೆ ಸಿಗುತ್ತದೆ. ಪ್ರಿಲಿಮ್ಸ್ (ಮೊದಲ ಹಂತದ ಪರೀಕ್ಷೆ) ಅಂದರೆ ರೀಸನಿಂಗ್ ಮತ್ತು ಲೆಕ್ಕ, 80 ಪ್ರಶ್ನೆ, 45 ನಿಮಿಷ. ಎಂಜಿನಿಯರ್‌ಗಳಿಗೆ ಲೆಕ್ಕ ಕಷ್ಟವಲ್ಲ, ವೇಗ ಸಾಲುವುದಿಲ್ಲ. ಕರ್ನಾಟಕ ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿ ಬಳ್ಳಾರಿಯಲ್ಲೇ ಇದೆ. 2025ರ ಮೇನಲ್ಲಿ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಸೇರಿಕೊಂಡ ಮೇಲೆ ವರ್ಗಾವಣೆ ರಾಜ್ಯದ ಯಾವ ಮೂಲೆಗಾದರೂ ಆಗಬಹುದು, ಅದು ನೆನಪಿರಲಿ.

ಇನ್ನೊಂದು, ಇಲ್ಲಿ ಬಹಳ ಜನ ಸಂವಿಧಾನದ 371ಜೆ, ಅಂದರೆ ಕಲ್ಯಾಣ ಕರ್ನಾಟಕದವರ ಮೀಸಲಾತಿ, ಬ್ಯಾಂಕಿಗೂ ಅನ್ವಯಿಸುತ್ತದೆ ಅಂದುಕೊಂಡಿದ್ದಾರೆ. ಇಲ್ಲ. ಅದು ರಾಜ್ಯ ಸರ್ಕಾರದ ಹುದ್ದೆಗಳಿಗೆ. ಲೆಕ್ಕಪತ್ರ ಇಲಾಖೆಯಂಥ ಕಡೆ ಅರ್ಜಿ ಹಾಕುವುದಾದರೆ ಆ ಸರ್ಟಿಫಿಕೇಟ್ ಮಾಡಿಸಿಟ್ಟುಕೊಳ್ಳಿ.

ಸಿಎಫ್‌ಎ ಈಗ ಬೇಡ. ಶುಲ್ಕ ಡಾಲರ್‌ನಲ್ಲಿ, ಮೂರು ಹಂತ, ಅದನ್ನ ಕೇಳುವವರು ಮುಂಬೈ, ಬೆಂಗಳೂರಿನಲ್ಲಿ.

ಸಿಂಧನೂರು ಹುಡುಗ, ಈಗ ಬೆಂಗಳೂರು

ಫಂಡ್ ಅಕೌಂಟಿಂಗ್‌ನಲ್ಲಿ ಇದ್ದೇನೆ ಬ್ರೋ. ಎರಡು ಕಡೆಯ ಲೆಕ್ಕ ತಾಳೆ ಹಾಕುವುದು, ವ್ಯತ್ಯಾಸ ಹುಡುಕುವುದು, ಎನ್‌ಎವಿ (ಫಂಡಿನ ಒಂದು ಯೂನಿಟ್‌ನ ಬೆಲೆ) ಹೊರಡಿಸುವುದು. ಶಿಫ್ಟ್ ಬೇಡ ಅಂತ ಓಡಿಬರುವವನು ಮತ್ತೆ ಶಿಫ್ಟಿಗೇ ಬೀಳುತ್ತೀಯ, ಯೋಚನೆ ಮಾಡು. ಧೂಳು ಮಾತ್ರ ಇಲ್ಲ.

ಬಾಯ್ಲರ್‌ನಿಂದ ಬಜೆಟ್‌ಗೆ, ಬಳ್ಳಾರಿ

ಯಾರೂ ಒಂದು ವಿಷಯ ಕೇಳಲಿಲ್ಲ. ನಿಮ್ಮ ಕಾರ್ಖಾನೆಯಲ್ಲೇ ಕಾಸ್ಟಿಂಗ್ (ಉತ್ಪಾದನಾ ವೆಚ್ಚದ ಲೆಕ್ಕ) ಅಥವಾ ಎಂಐಎಸ್ (ಮ್ಯಾನೇಜ್‌ಮೆಂಟ್‌ಗೆ ಅಂಕಿಅಂಶ ವರದಿ) ವಿಭಾಗ ಇರಬೇಕಲ್ಲ? ನಾನು ಬಾಯ್ಲರ್ ಸೆಕ್ಷನ್‌ನಿಂದ ಹಾಗೇ ದಾಟಿದ್ದು, ಕಂಪನಿ ಬದಲಿಸದೆ. ಒಂದು ಟನ್ ಸ್ಪಾಂಜ್ ಐರನ್‌ಗೆ ಹೆಚ್ಚುಕಡಿಮೆ ಒಂದೂವರೆ ಟನ್ ಅದಿರು ಬೇಕು. ಈ ತಿಂಗಳು ಅದು ಜಾಸ್ತಿ ಆಯ್ತು ಅಂದರೆ ಅಕೌಂಟ್ಸ್‌ನವರು ವ್ಯತ್ಯಾಸ ಇಷ್ಟು ಲಕ್ಷ ಅಂತ ಬರೆದು ಬಿಡುತ್ತಾರೆ, ಯಾಕೆ ಅಂತ ಅವರಿಗೆ ಗೊತ್ತಿರುವುದಿಲ್ಲ. ಪುಡಿ ಅದಿರು ಬಂತಾ, ಕಿಲ್ನ್ (ಕುಲುಮೆ) ಒಳಗೋಡೆಗೆ ಬಳೆಯಂತೆ ಅಂಟಿ ರಿಂಗ್ ಕಟ್ಟಿ ನಿಲ್ಲಿಸಬೇಕಾಯ್ತಾ, ಕಲ್ಲಿದ್ದಲಲ್ಲಿ ಬೂದಿ ಜಾಸ್ತಿ ಇತ್ತಾ, ಅದು ನಿಮಗೆ ಗೊತ್ತು. ಕಳೆದ ಕೆಲವು ತಿಂಗಳ ಬ್ರೇಕ್‌ಡೌನ್ ಪಟ್ಟಿ ತೆಗೆದು, ಒಂದೊಂದು ನಿಲುಗಡೆಗೂ ಎಷ್ಟು ಟನ್ ಹೋಯಿತು, ರೂಪಾಯಿ ಎಷ್ಟು ಅಂತ ಎಕ್ಸೆಲ್‌ನಲ್ಲಿ ಹಾಕಿ ಫೈನಾನ್ಸ್ ಮ್ಯಾನೇಜರ್‌ಗೆ ತೋರಿಸಿ. ಆ ಒಂದು ಹಾಳೆ ಎಂಬಿಎಗಿಂತ ಹೆಚ್ಚು ಮಾತಾಡುತ್ತದೆ. ಸಿಎಂಎ ಜೊತೆಜೊತೆಗೆ ಓದಿಕೊಳ್ಳಿ.

ಕೊಡಲ್ಲ ಅಂದರೆ ಆಗ ಬ್ಯಾಂಕಿನ ಕ್ರೆಡಿಟ್ ಕೆಲಸ. ಸೇಲ್ಸ್ ಅಂತೂ ಬೇಡವೇ ಬೇಡ.

ಕಿಲ್ನ್ ಪಕ್ಕದವನು, ಕೊಪ್ಪಳ

ಎಲ್ಲರಿಗೂ ಥ್ಯಾಂಕ್ಸ್. ಗಂಗಾವತಿ ಶಾಖೆಗೆ ಫೋನ್ ಮಾಡಿ ಕೇಳಿದೆ. ಸೇಲ್ಸೇ ಅಂತೆ, ಕ್ರೆಡಿಟ್ ಎಲ್ಲಾ ಹುಬ್ಬಳ್ಳಿಯಿಂದ ನಡೆಯುತ್ತದಂತೆ. ಅದು ಬಿಟ್ಟೆ. ನಮ್ಮಲ್ಲಿ ಕಾಸ್ಟಿಂಗ್‌ಗೆ ಇರುವುದು ಒಬ್ಬರೇ, ಸೋಮವಾರ ಹೋಗಿ ಮಾತಾಡುತ್ತೇನೆ. ಆಗದಿದ್ದರೆ ರಾಜೀನಾಮೆ ಕೊಟ್ಟು ಒಂದು ವರ್ಷ ಟ್ಯಾಲಿ ಅಕ್ಕನ ಥರದ ಆಫೀಸಿಗೆ ಬರಲಾ?

ಟ್ಯಾಲಿ ಅಕ್ಕ, ಬಳ್ಳಾರಿ

ಬನ್ನಿ, ಆದರೆ ರಾಜೀನಾಮೆಗೆ ಅವಸರ ಬೇಡ. ನಾಲ್ಕು ವರ್ಷದ ಮೇಲಾಯಿತು ಅಂದಿರಲ್ಲ, ಐದು ತುಂಬಿದರೆ ಗ್ರಾಚ್ಯುಟಿ ಬರುತ್ತದೆ. ಬೇಸಿಕ್ ಮತ್ತು ಡಿಎ ಸೇರಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನ ಐದರಿಂದ ಗುಣಿಸಿ ನೋಡಿ. ನಮ್ಮ ಆಫೀಸ್ ಕೊಡುವ ಸಂಬಳದಲ್ಲಿ ಆ ದುಡ್ಡು ನಿಮಗೆ ಬೇಕೇ ಬೇಕಾಗುತ್ತದೆ.