ಬೋರ್ಡಿನ ಮೇಲೆ ಪುಟ್ಟಿ ಫೋಟೋ ಬೇಡ

ಕಮಲೂ, ನಿನ್ನ ಮೆಸೇಜು ಬೆಳಿಗ್ಗೇನೇ ನೋಡಿದೆ ಕಣೇ. ಟೈಪ್ ಮಾಡ್ತಾ ಕೂತ್ರೆ ಸಂಜೆ ಆಗುತ್ತೆ, ಅದಕ್ಕೆ ಬಾಯಲ್ಲೇ ಹೇಳ್ತೀನಿ. ಗ್ರೂಪಲ್ಲಿರೋ ಎಲ್ಲರೂ ಪೂರ್ತಿ ಕೇಳಿಸ್ಕೊಳಿ. ನೀನು ಕೇಳಿರೋದು ಏನು, ನಿನ್ನ ಮಗಳು ಪುಟ್ಟಿ ಆಸ್ಪತ್ರೆ ನರ್ಸ್ ಕೆಲಸ ಬಿಟ್ಟು ಮನೆ, ಸೈಟು ತೋರಿಸೋ ಕೆಲಸಕ್ಕೆ ಇಳಿದಾಗಿನಿಂದ ನಿನಗೆ ನಿದ್ದೆ ಇಲ್ಲ. ಈಗ ಹಾಸನದ ಸಾಲಗಾಮೆ ರಸ್ತೆ ಕಡೆ ಲೇಔಟ್ ಮಾಡ್ತಿರೋ ಯಾರೋ ಅವಳನ್ನ ಪಾರ್ಟ್ನರ್ ಆಗು ಅಂತ ಕರೀತಿದಾರೆ. ಭಾನುವಾರ ಪೂಜೆ, ದೊಡ್ಡ ಬೋರ್ಡು, ಅದರ ಮೇಲೆ ಅವಳ ಫೋಟೋ. ಒಪ್ಕೋ ಅನ್ಲಾ, ಬೇಡ ಅನ್ಲಾ, ಇಲ್ಲಾ ಇದೆಲ್ಲಾ ಬಿಡಿಸಿ ವಾಪಸ್ ಆಸ್ಪತ್ರೆಗೆ ಕಳಿಸ್ಲಾ, ಅಕ್ಕಾ ನೀನೇ ಹೇಳು ಅಂತ.

ಕೆಲಸ ಬಿಡಿಸೋ ಮಾತು ಎತ್ತಲೇಬೇಡ. ಅವಳು ಮಾಡ್ತಿರೋದು ಒಳ್ಳೇ ಕೆಲಸ. ಗಂಡ ತೀರ್ಕೊಂಡ ಹೆಂಗಸು ಮಕ್ಕಳನ್ನ ಕಟ್ಕೊಂಡು ಬಾಡಿಗೆ ಮನೆ ಕೇಳೋಕೆ ಹೋದ್ರೆ ಓನರು ಬಾಡಿಗೆ ಎಷ್ಟು ಕೊಡ್ತೀರಾ ಅಂತ ಕೇಳಲ್ಲ, ಯಜಮಾನ್ರು ಎಲ್ಲಿದಾರೆ ಅಂತ ಕೇಳ್ತಾರೆ. ಆಮೇಲೆ ನೀವು ಯಾವ ಜನ ಅಂತಾರೆ. ನೈಟ್ ಡ್ಯೂಟಿ ಮಾಡೋ ನರ್ಸುಗಳಿಗೆ ಮನೆ ಕೊಡಲ್ಲ, ಹೊತ್ತಲ್ಲದ ಹೊತ್ತಲ್ಲಿ ಗೇಟು ತೆಗೀಬೇಕಲ್ಲ ಅಂತ. ಪುಟ್ಟಿ ಅದೇ ಡ್ಯೂಟಿ ಮಾಡಿ ಅದೇ ಮಾತು ಕೇಳಿಸ್ಕೊಂಡು ಬಂದವಳು. ಅಂಥವರಿಗೆ ಅಂತಲೇ ಬೀದಿ ಬೀದಿ ಸುತ್ತಿ ಓನರುಗಳ ಹತ್ರ ಕೂತು ಮಾತಾಡಿ ಮನೆ ಕೊಡಿಸ್ತಾಳೆ. ಬ್ರೋಕರುಗಳು ಒಂದು ತಿಂಗಳ ಬಾಡಿಗೆ ಕಮಿಷನ್ ಅಂತ ಎತ್ಕೊಳೋ ಕಡೆ, ಕೈಲಾಗದವರ ಹತ್ರ ಅರ್ಧ ತಗೋತಾಳಂತೆ. ಇಂಥದ್ದೊಂದು ಕಸುಬು ಕಟ್ತಿರೋ ಹುಡುಗೀನ ವಾಪಸ್ ಕಳಿಸ್ತೀನಿ ಅಂತೀಯಲ್ಲ.

ಆದ್ರೆ ಬೋರ್ಡಿನ ಮೇಲೆ ಫೋಟೋ ಬೇಡ. ಪುಟ್ಟೀ, ನೀನೂ ಕೇಳಿಸ್ಕೊ. ಬೇರೆಯವರು ಮಾಡೋ ಲೇಔಟಿಗೆ ನಿನ್ನ ಮುಖ ಕೊಡಬೇಡ.

ಯಾಕೆ ಹೇಳ್ತೀನಿ ಅಂದ್ರೆ ನಮ್ಮ ಹೆಡ್ ಮೇಷ್ಟ್ರ ಕಥೆ ನನ್ನ ಕಣ್ಣ ಮುಂದೆ ನಡೆದಿದ್ದು. ನಿಮಗೆಲ್ಲಾ ಅವರು ಗೊತ್ತು, ನಮ್ಮ ಗೃಹಪ್ರವೇಶದಲ್ಲಿ ಮೊದಲ ಪಂಕ್ತೀಲಿ ಕೂತಿದ್ರಲ್ಲ, ಬಿಳೀ ಪಂಚೆ, ಅವರೇ. 1996ರಲ್ಲಿ ನಾನು ಇಲ್ಲಿ ಮೈಸೂರಲ್ಲಿ ಅವರ ಸ್ಕೂಲಲ್ಲೇ ಲೆಕ್ಕದ ಟೀಚರು. ಬೋಗಾದಿ ರಸ್ತೆ ಕಡೆ ಒಬ್ಬ ಲೇಔಟ್ ಮಾಡ್ತಿದ್ದ, ಹೆಸರು ಬೇಡ. ಅವನು ನಮ್ಮ ಹತ್ರ ಬರಲಿಲ್ಲ, ಸೀದಾ ಮೇಷ್ಟ್ರ ಹತ್ರ ಹೋದ. ಶಿಕ್ಷಕರಿಗೆ ಅಂತಲೇ ಕಡಿಮೆ ರೇಟಲ್ಲಿ ಕೊಡ್ತೀನಿ ಸಾರ್, ಕಂತಲ್ಲಿ ಕಟ್ಟಲಿ, ನೀವೊಂದು ಮಾತು ಹೇಳಿ ಅಂದ. ಮೇಷ್ಟ್ರಿಗೆ ತಮ್ಮ ಟೀಚರುಗಳು ಬಾಡಿಗೆ ಮನೇಲೇ ರಿಟೈರ್ ಆಗ್ತಾರಲ್ಲ ಅಂತ ಸಂಕಟ ಇತ್ತು. ಒಪ್ಕೊಂಡ್ರು. ಪಾಂಪ್ಲೆಟ್ಟಲ್ಲಿ ಅವರ ಫೋಟೋ ಬಂತು, ಕೆಳಗಡೆ ಲೇಔಟಿನ ನಕ್ಷೆ. ನಕ್ಷೆಯ ಮೂಲೆಯಲ್ಲಿ ಹಸಿರು ಬಣ್ಣ ಬಳಿದು ಒಂದು ಉಯ್ಯಾಲೆ ಚಿತ್ರ ಬಿಡಿಸಿ 'ಮಕ್ಕಳ ಉದ್ಯಾನ' ಅಂತ ಬರೆದಿದ್ರು.

ಮೇಷ್ಟ್ರು ಹೇಳಿದ್ಮೇಲೆ ಇನ್ನೇನು. ಸ್ಟಾಫ್ ರೂಮಲ್ಲಿ ಒಬ್ಬರಾದ ಮೇಲೆ ಒಬ್ಬರು ಕಟ್ಟಿದ್ರು. ಸಂಬಳದಲ್ಲಿ ಹಿಡಿಯೋ ಜಿಪಿಎಫಲ್ಲಿ ಸಾಲ ತೆಗೆದವರು, ಬಳೆ ಅಡ ಇಟ್ಟವರು, ನಮ್ಮ ಅಟೆಂಡರ್ ಅಂತೂ ಊರಲ್ಲಿದ್ದ ಎರಡು ಎತ್ತು ಮಾರಿ ಕಟ್ಟಿದ. ನಮ್ಮದು ಮೂವತ್ತಕ್ಕೆ ನಲವತ್ತು ಅಡಿ ಸೈಟು. ರಿಜಿಸ್ಟ್ರೇಷನ್ ಆಯ್ತು, ಖಾತೆ ಆಯ್ತು, ಸಾಲ ಸೋಲ ಮಾಡಿ ಮನೆ ಕಟ್ಟಿದ್ವಿ. ಆ ಮೂಲೆ ಜಾಗದಲ್ಲಿ ನಾವೇ ಹೊಂಗೆ, ಬೇವು ನೆಟ್ವಿ, ಮಕ್ಕಳು ಸಾಯಂಕಾಲ ಅಲ್ಲೇ ಕ್ರಿಕೆಟ್ಟು. ಹೊಂಗೆ ನೆರಳು ಕೊಡೋ ಹೊತ್ತಿಗೆ ಒಂದಿನ ಬೆಳಿಗ್ಗೆ ಜೆಸಿಬಿ ಬಂದು ನಿಂತಿತ್ತು. ಮರ ಉರುಳಿಸಿ ಸೈಟು ಕಲ್ಲು ನೆಟ್ರು. ಪಾರ್ಕನ್ನ ಆರು ಸೈಟು ಮಾಡಿ ಮಾರಿಬಿಟ್ಟಿದ್ದ. ತಗೊಂಡವರೂ ನಮ್ಮಂಥವರೇ, ಅವರ ಕೈಯಲ್ಲೂ ರಿಜಿಸ್ಟರ್ ಆದ ಪತ್ರ ಇತ್ತು.

ಲಾಯರ್ ಹತ್ರ ಓಡಿದ್ವಿ. ಬೆಂಗಳೂರಿನ ಸದಾಶಿವನಗರ ಕಡೆ ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗವನ್ನ ನರ್ಸಿಂಗ್ ಹೋಮಿಗೆ ಕೊಟ್ಟಿದ್ದಕ್ಕೆ ಅಲ್ಲಿನ ಜನ ಕೋರ್ಟಿಗೆ ಹೋಗಿ, 1991ರಲ್ಲಿ ಸುಪ್ರೀಂ ಕೋರ್ಟು ಅದನ್ನ ರದ್ದು ಮಾಡಿತ್ತಲ್ಲ, ನಾನು ಅದನ್ನ ಪೇಪರಲ್ಲಿ ಓದಿದ್ದೆ. ನಮಗೂ ಹಾಗೇ ಆಗುತ್ತೆ ಅಂದ್ಕೊಂಡಿದ್ದೆ. ಲಾಯರು ಏನಂದ್ರು ಗೊತ್ತಾ? ಅದು ಪ್ರಾಧಿಕಾರ ಮಂಜೂರು ಮಾಡಿದ ಯೋಜನೇಲಿದ್ದ ಪಾರ್ಕು ಮೇಡಂ, ನಿಮ್ಮದು ಪಾಂಪ್ಲೆಟ್ಟಲ್ಲಿದ್ದ ಪಾರ್ಕು ಅಂದ್ರು. ಲೇಔಟ್ ಪ್ಲಾನೇ ಅಪ್ರೂವ್ ಆಗಿರಲಿಲ್ಲ. ರಸ್ತೆ, ಪಾರ್ಕು, ಸ್ಕೂಲು ಆಸ್ಪತ್ರೆ ಥರದ್ದಕ್ಕೆ ಅಂತ ಬಿಡೋ ಸಿಎ ಸೈಟನ್ನ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟು ಪರಿತ್ಯಾಜನಾ ಪತ್ರ ಅಂತ ಬರೆದುಕೊಡಬೇಕು, ಅದನ್ನ ಬರೆದಿರಲೇ ಇಲ್ಲ. ಆ ಮೂಲೆ ಕಾಗದದಲ್ಲಿ ಅವನ ಹೆಸರಲ್ಲೇ ಇತ್ತು. ಅವನ ಜಾಗ ಅವನು ಮಾರಿದ.

ಅವನನ್ನ ಹುಡುಕಿದ್ರೆ ಅವನಿಲ್ಲ, ಆಫೀಸಿಗೆ ಬೀಗ. ಜನ ಎಲ್ಲಿಗೆ ಹೋಗ್ತಾರೆ ಹೇಳಿ? ಮೇಷ್ಟ್ರ ಮನೆಗೆ ಹೋದ್ರು. ಅವರು ಒಂದು ಪೈಸೆ ಮುಟ್ಟಿರಲಿಲ್ಲ ಕಣೇ. ಅವರ ಸೈಟಿಗೂ ನಮ್ಮ ಹಾಗೇ ಪೂರ್ತಿ ದುಡ್ಡು ಕಟ್ಟಿದ್ರು, ನಾನು ರಸೀದಿ ನೋಡಿದೀನಿ. ಆದ್ರೂ ಅಟೆಂಡರ್ ಹೆಂಡತಿ ಗೇಟಲ್ಲಿ ನಿಂತು ಶಾಪ ಹಾಕಿದ್ಳು, ನಿಮ್ಮ ಮುಖ ನೋಡಿ ಕೊಟ್ವಿ ಸ್ವಾಮಿ ಅಂದ್ಳು. ಮೇಷ್ಟ್ರು ಒಳಗಡೆ ಕೂತು ಕೇಳಿಸ್ಕೋತಿದ್ರು. ಆಮೇಲೆ ಅವರು ಹಾಲಿನ ಬೂತಿಗೆ ನಮ್ಮ ಬೀದೀಲಿ ಬರೋದು ನಿಲ್ಲಿಸಿದ್ರು, ರಾಮನವಮಿ ಪಾನಕಕ್ಕೂ ಬರ್ತಿರಲಿಲ್ಲ. ಆಫೀಸು ಆಫೀಸು ಅಲೆದು ಅರ್ಜಿ ಬರೀತಾ ಬರೀತಾನೇ ಹೋಗ್ಬಿಟ್ರು. ಮೂವತ್ತು ವರ್ಷ ಪಾಠ ಹೇಳಿದ ಮನುಷ್ಯನ್ನ ನಮ್ಮ ಬಡಾವಣೆಯವರು ನೆನೆಸ್ಕೊಳೋದು ಪಾರ್ಕ್ ಹೋದ ಕಥೆ ಹೇಳೋವಾಗ.

ಅದಕ್ಕೇ ಮತ್ತೆ ಹೇಳ್ತೀನಿ ಪುಟ್ಟೀ, ಬೇರೆಯವರ ಲೇಔಟಿಗೆ ನಿನ್ನ ಮುಖ ಕೊಡಬೇಡ. ಅವರಿಗೆ ದುಡ್ಡಿದೆ, ಜಾಗ ಇದೆ, ಅವರು ನಿನ್ನ ಹತ್ರ ಯಾಕೆ ಬಂದ್ರು ಯೋಚನೆ ಮಾಡು. ಹಾಸನದಲ್ಲಿ ಅರ್ಧ ಊರಿಗೆ ನೀನು ಇಂಜೆಕ್ಷನ್ ಕೊಟ್ಟಿದೀಯ, ಕೋವಿಡ್ ಟೈಮಲ್ಲಿ ಯಾರೂ ಹತ್ರ ಹೋಗದವರ ಪಕ್ಕ ನಿಂತಿದೀಯ. ಸಿಸ್ಟರು ಹೇಳಿದ್ರೆ ಸರಿ ಅಂತ ಜನ ಕಣ್ಣು ಮುಚ್ಚಿ ಕಟ್ತಾರೆ, ಅವರಿಗೆ ಬೇಕಾಗಿರೋದು ಅದೇ. ಆ ಮನುಷ್ಯ ಕೆಟ್ಟವನು ಅಂತ ನಾನು ಹೇಳ್ತಿಲ್ಲ, ಅವನು ಯಾರೋ ನನಗೆ ಗೊತ್ತೂ ಇಲ್ಲ. ನಾಳೆ ಒಂದು ಕಲ್ಲು ಆಚೀಚೆ ಆದ್ರೂ ಜನ ಬರೋದು ನಿನ್ನ ಬಾಗಿಲಿಗೆ.

ಇನ್ನು ಗ್ರೂಪಲ್ಲಿ ಅಣ್ಣ ಹಾಕಿರೋ ಮಾತು ಓದಿದೆ. ಹೆಣ್ಣು ಹುಡುಗಿಗೆ ಯಾಕೆ ಬೇಕು ಭೂಮಿ ವ್ಯವಹಾರ ಅಂತ. ಅಣ್ಣಾ, ನೀನೂ ಕೇಳಿಸ್ಕೊ, ಎಲ್ಲರ ಎದುರೇ ಹೇಳ್ತೀನಿ. 2007ರಲ್ಲಿ ಅಪ್ಪನ ತೋಟ ಮಾರೋವಾಗ ನನ್ನನ್ನೂ ಕಮಲೂನನ್ನೂ ಹಬ್ಬದೂಟಕ್ಕೆ ಬನ್ನಿ ಅಂತ ಕರೆದ್ರಿ. ಊಟ ಆಗಿ ಎಲೆ ಎತ್ತಿದ ತಕ್ಷಣ ಕಾರಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡು ಹೋದ್ರಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಿದ್ರಿ, ಅರಿಶಿನ ಕುಂಕುಮಕ್ಕೆ ಅಂತ ಒಂದೊಂದು ಸೀರೆ ಕೊಟ್ಟು ಕಳಿಸಿದ್ರಿ. ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ 1994ರಲ್ಲೇ ತಿದ್ದುಪಡಿ ಬಂದಿತ್ತು, ಆದ್ರೆ ಅದಕ್ಕೆ ಮುಂಚೆ ಮದುವೆ ಆದವರಿಗೆ ಇಲ್ಲ ಅಂತ ಇತ್ತು, ನಾವಿಬ್ಬರೂ ಅದರಲ್ಲಿ ಹೊರಗೆ. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಮದುವೆ ಆಗಿರಲಿ ಆಗದೇ ಇರಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ ಆಯ್ತು. ಅದು ಗೊತ್ತಿದ್ದೇ ತಾನೇ ಸಹಿ ಬೇಕಾಗಿದ್ದು? ನಮಗೆ ಹಕ್ಕೇ ಇಲ್ಲದಿದ್ರೆ ಬಿಡುಗಡೆ ಪತ್ರ ಯಾತಕ್ಕೆ? ಒಂದು ಮಾತು, ಬಾಯಿ ಮಾತಿಗಾದ್ರೂ, ನಿಮಗೂ ಪಾಲಿದೆ, ಏನು ಮಾಡೋಣ ಅಂತ ಕೇಳಿದ್ರೆ ನಾನೇ ಬಿಟ್ಟುಕೊಡ್ತಿದ್ದೆನೋ ಏನೋ. ಕೇಳಲಿಲ್ಲ. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನಮ್ಮ ಮುಖ ನೋಡಲಿಲ್ಲ ಅವತ್ತು. ಹೆಣ್ಣಿಗೆ ಭೂಮಿ ವ್ಯವಹಾರ ಬೇಡ ಅಂದ್ರೆ ಆಗೋದು ಹೀಗೇ ಅಣ್ಣಾ. ಪುಟ್ಟಿ ಆ ಆಫೀಸಲ್ಲಿ ಪ್ರತಿ ಪುಟ ಓದಿ ಸಹಿ ಮಾಡೋ ಹುಡುಗಿ ಆಗ್ಲಿ.

ಇರಲಿ, ಇದನ್ನ ಇಲ್ಲಿಗೇ ಬಿಡ್ತೀನಿ, ಕಮಲೂ ನೀನು ಅಳ್ತಾ ಕೂರಬೇಡ.

ಅಯ್ಯೋ, ಭಾನುವಾರದ ವಿಷಯ ಹೇಳಲೇ ಇಲ್ಲ ನೋಡು, ಅದೇ ಮುಖ್ಯ. ಪುಟ್ಟೀ, ಮೊದಲು ಆ ಲೇಔಟಿನ ರೇರಾ ನಂಬರ್ ಕೇಳು. ರೇರಾ ಅಂದ್ರೆ ಮನೆ, ಸೈಟು ಮಾಡಿ ಮಾರೋರ ಮೇಲೆ ಕಣ್ಣಿಡೋ ಕಾನೂನು, ಅದರಲ್ಲಿ ನೋಂದಣಿ ಆದ್ರೆ ಸಿಗೋ ನಂಬರು. ನಮ್ಮ ಕಾಲದಲ್ಲಿ ಅದಿರಲಿಲ್ಲ, 2016ರ ಕಾನೂನು, 2017ರ ಮೇ ತಿಂಗಳಿಂದ ಪೂರ್ತಿ ಜಾರಿ. 500 ಚದರ ಮೀಟರಿಗಿಂತ ದೊಡ್ಡ ಜಾಗ ಆದ್ರೆ ನೋಂದಣಿ ಆಗೋ ತನಕ ಮಾರೋದಿರಲಿ, ಜಾಹೀರಾತು ಕೂಡ ಹಾಕೋ ಹಾಗಿಲ್ಲ, ಅಡ್ವಾನ್ಸ್ ತಗೊಳೋ ಹಾಗಿಲ್ಲ. ಬೋರ್ಡು ಅಂದ್ರೆ ಜಾಹೀರಾತೇ, ನಿನ್ನ ವಾಟ್ಸಾಪ್ ಸ್ಟೇಟಸ್ಸೂ ಅದೇ ಲೆಕ್ಕ ಅಂತ ತಿಳ್ಕೊ. ನಂಬರ್ ಕೊಟ್ರೆ ಕರ್ನಾಟಕ ರೇರಾ ವೆಬ್‌ಸೈಟಲ್ಲಿ ಹಾಕಿ ನೋಡು, ಅಪ್ರೂವ್ ಆದ ಪ್ಲಾನು ಅಲ್ಲೇ ಸಿಗುತ್ತೆ, ಅದನ್ನೂ ಅವರ ಪಾಂಪ್ಲೆಟ್ಟನ್ನೂ ಪಕ್ಕಪಕ್ಕ ಇಟ್ಟು ಪಾರ್ಕ್ ಇರೋ ಜಾಗ ಬೆರಳಿಟ್ಟು ನೋಡು. ಈಗ ಒಂದ್ಸಲ ಪ್ಲಾನ್ ಆದ್ಮೇಲೆ ಬದಲಾಯಿಸ್ಬೇಕಾದ್ರೆ ಸೈಟು ತಗೊಂಡವರಲ್ಲಿ ಮೂರರಲ್ಲಿ ಎರಡು ಪಾಲು ಜನ ಬರವಣಿಗೇಲಿ ಒಪ್ಪಬೇಕು. ನಮಗೆ ಅವತ್ತು ಇಷ್ಟು ಇದ್ದಿದ್ರೆ ಮೇಷ್ಟ್ರು ಹಾಗೆ ಹೋಗ್ತಿರಲಿಲ್ಲ.

ಪಾರ್ಟ್ನರ್ ಆಗ್ಬೇಡ. ಪಾರ್ಟ್ನರ್ ಆದ್ರೆ ನೀನೂ ಲೇಔಟ್ ಮಾಡಿದವಳೇ ಆಗ್ತೀಯ, ರಸ್ತೆ ಹಾಕದಿದ್ರೂ ಚರಂಡಿ ಕಟ್ಟದಿದ್ರೂ ನಿನ್ನ ತಲೆ ಮೇಲೆ. ಏಜೆಂಟ್ ಆಗಿ ನಿನ್ನ ಹೆಸರಲ್ಲೇ ರೇರಾದಲ್ಲಿ ನೋಂದಣಿ ಮಾಡಿಸ್ಕೊ. ಬಾಡಿಗೆ ಮನೆ ತೋರಿಸೋಕೆ ಅದು ಬೇಕಿಲ್ಲ, ಇಂಥ ಲೇಔಟಿನ ಸೈಟು ಮಾರಿಸೋಕೆ ಬೇಕೇ ಬೇಕು. ಇಲ್ಲದೆ ಮಾಡಿದ್ರೆ ದಿನಕ್ಕೆ 10,000 ರೂಪಾಯಿ ದಂಡ, ಮಾರಿಸಿದ ಸೈಟಿನ ಬೆಲೆಯ ನೂರಕ್ಕೆ 5ರ ತನಕ ಹೋಗುತ್ತೆ. ಆ ನಂಬರು ಬಂದ್ಮೇಲೆ ನಿನ್ನ ಆಫೀಸಿನ ಮುಂದೆ ನಿನ್ನದೇ ಬೋರ್ಡು ಹಾಕು, ಅದರ ಮೇಲೆ ಎಷ್ಟು ದೊಡ್ಡ ಫೋಟೋ ಬೇಕಾದ್ರೂ ಹಾಕ್ಕೊ, ಪೂಜೆಗೆ ನಾನೇ ಬರ್ತೀನಿ.

ನಿನ್ನ ಹತ್ರ ಬರೋ ನರ್ಸುಗಳಿಗೂ ಆಯಾಗಳಿಗೂ ಎರಡು ವಿಷಯ ಬಾಯಿಪಾಠ ಮಾಡಿಸು. ಸೇಲ್ ಅಗ್ರಿಮೆಂಟ್ ರಿಜಿಸ್ಟರ್ ಆಗೋ ತನಕ ಬೆಲೇಲಿ ನೂರಕ್ಕೆ 10ಕ್ಕಿಂತ ಜಾಸ್ತಿ ಕೊಡಬಾರದು, ಕೇಳಿದ್ರೂ ಕೊಡಬಾರದು. ಸೈಟಿನ ದುಡ್ಡು 20,000 ಅಥವಾ ಅದಕ್ಕಿಂತ ಜಾಸ್ತಿ ಆದ್ರೆ ಕ್ಯಾಶಲ್ಲಿ ತಗೊಳೋದು ಇನ್‌ಕಂ ಟ್ಯಾಕ್ಸ್ ಕಾನೂನಿಗೆ ವಿರುದ್ಧ, ಚೆಕ್ಕು ಇಲ್ಲಾ ಬ್ಯಾಂಕ್ ಟ್ರಾನ್ಸ್‌ಫರ್. ಹಳ್ಳಿಯಿಂದ ಬಂದವರು ಟವೆಲಲ್ಲಿ ಕಟ್ಕೊಂಡು ಬಂದಿರ್ತಾರೆ, ಅವರನ್ನ ಬ್ಯಾಂಕಿಗೆ ಕರ್ಕೊಂಡು ಹೋಗೋದೂ ನಿನ್ನ ಕೆಲಸವೇ.

ಭಾನುವಾರ ಪೂಜೆಗೆ ಹೋಗು, ಪ್ರಸಾದ ತಗೋ, ಕಾಗದ ನೋಡಿದ್ಮೇಲೆ ಹೇಳ್ತೀನಿ ಅಂತ ನಗ್ತಾನೇ ಹೇಳಿ ಬಾ. ಫೋಟೋ ಈಗಾಗಲೇ ಕೊಟ್ಟಿದ್ರೆ ಇವತ್ತೇ ಫೋನ್ ಮಾಡಿ ಬೋರ್ಡಿಗೆ ಹಾಕ್ಬೇಡಿ ಅಂತ ಹೇಳು, ಮೆಸೇಜಲ್ಲೂ ಹಾಕು, ಬರವಣಿಗೇಲಿ ಇರಲಿ. ನನಗೆ ಬೇಕಾಗಿರೋದು ಮೂಲ ಪತ್ರ, ಪಹಣಿ, ಭೂಪರಿವರ್ತನೆ ಆದೇಶ, ಲೇಔಟ್ ಅಪ್ರೂವಲ್ಲು, ಪಾರ್ಕ್ ಬಿಟ್ಟುಕೊಟ್ಟ ಪತ್ರ, ಜಾಗದ ಮೇಲೆ ಸಾಲ, ಮಾರಾಟ ಏನೇನಾಗಿದೆ ಅಂತ ತೋರಿಸೋ 30 ವರ್ಷದ ಇಸಿ, ಮತ್ತೆ ಜಮೀನು ಕೊಟ್ಟ ಮನೆಯವರ ವಂಶವೃಕ್ಷ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರಿದೆಯಾ, ಅವರು ಸಹಿ ಮಾಡಿದಾರಾ ನೋಡ್ಬೇಕು, ಇಲ್ಲದಿದ್ರೆ ನಾಳೆ ಯಾರೋ ಅಕ್ಕನೋ ತಂಗಿಯೋ ಕೇಸ್ ಹಾಕ್ತಾರೆ, ಹಾಕಲೂ ಬೇಕು. ಇಲ್ಲಿ ಗ್ರೂಪಿಗೆ ಹಾಕ್ಬೇಡಿ, ನನ್ನ ನಂಬರಿಗೆ ಕಳಿಸಿ. ಫೋಟೋ ತೆಗೆಯೋವಾಗ ಒಂದೊಂದೇ ಪುಟ ಬೆಳಕಲ್ಲಿ ಇಟ್ಟು ತೆಗೀರಿ, ಸರ್ವೆ ನಂಬರು, ಸೀಲು ಎರಡೂ ಓದೋಕೆ ಬರಬೇಕು.