ರಿಲೀವರ್, ಪ್ರಿವೆಂಟರ್: ಎರಡನ್ನೂ ‘ನಿವಾರಕ’ ಎಂದರೆ ರೋಗಿ ಯಾವುದನ್ನು ಎಳೆಯಬೇಕು?

ಮಾನ್ಯರೇ,

ಮಂಡ್ಯದ ಚಿಕಿತ್ಸಾಲಯವೊಂದರ ಗೋಡೆಗೆ ಫ್ಲೆಕ್ಸ್ ಮಾಡಿಸುತ್ತಿದ್ದೇವೆ, ಆಸ್ತಮಾದ ಎರಡು ಬಗೆಯ ಇನ್‌ಹೇಲರ್‌ಗಳಿಗೆ, ಅಂದರೆ ಉಬ್ಬಸ ಬಂದಾಗ ಎಳೆಯುವ ರಿಲೀವರ್‌ಗೆ ಮತ್ತು ಉಬ್ಬಸ ಬಾರದಂತೆ ದಿನವೂ ಎಳೆಯುವ ಪ್ರಿವೆಂಟರ್‌ಗೆ, ಕನ್ನಡದ ಹೆಸರು ಬೇಕು ಎಂದು ಕೇಳಿದ್ದೆ. ಬಂದ ಉತ್ತರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉಬ್ಬಸದ ವ್ಯುತ್ಪತ್ತಿಗೇ ಮೀಸಲಾಗಿವೆ. ಉಬ್ಬು ಮತ್ತು ಉಸಿರು ಕೂಡಿ ಉಬ್ಬಸವಾಯಿತೋ, ಉಚ್ಛ್ವಾಸ ಸವೆದು ಉಬ್ಬಸವಾಯಿತೋ, ಅದನ್ನು ದಯವಿಟ್ಟು ಬೇರೆ ಓಲೆಯಲ್ಲಿ ಚರ್ಚಿಸಿ. ಫ್ಲೆಕ್ಸ್ ಸೋಮವಾರ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು.

ಮೊದಲು ‘ನಿವಾರಕ’ದ ವಿಚಾರ. ಮೈಸೂರಿನ ಹಿರಿಯರು ಪ್ರಿವೆಂಟರ್‌ಗೆ ‘ನಿವಾರಕ’ ಎಂದರು. ನಿವಾರಣೆ ಎಂದರೆ ಬರುವುದನ್ನು ತಡೆಯುವುದು ಎಂಬುದು ಅವರ ವಾದ. ಅದೇ ಸಂಜೆ ಇನ್ನೊಬ್ಬರು ರಿಲೀವರ್‌ಗೆ ‘ನಿವಾರಕ’ ಎಂದರು. ನೋವು ನಿವಾರಕ ಇಲ್ಲವೇ ಎಂದು ಕೇಳಿದರು. ಇಬ್ಬರೂ ಸರಿ. ಅದಕ್ಕೇ ಆ ಪದ ನಮಗೆ ಬೇಡ. ಒಂದೇ ಪದ ಎರಡು ತುದಿಗೂ ಸಲ್ಲುತ್ತದೆ ಎಂದಾದರೆ ಗೋಡೆಯ ಮೇಲೆ ಅದು ಅಪಾಯ.

ಹೋದ ವರ್ಷದ ಕರಪತ್ರದಲ್ಲಿ ಪ್ರಿವೆಂಟರ್‌ಗೆ ನಾನೇ ‘ನಿವಾರಕ’ ಎಂದು ಬರೆದಿದ್ದೆ. ಪಾಂಡವಪುರದ ಕಡೆಯಿಂದ ಬಂದ ಒಬ್ಬ ತಾಯಿ ಚೀಲದಿಂದ ಎರಡನ್ನೂ ತೆಗೆದು ಬೆಂಚಿನ ಮೇಲಿಟ್ಟರು. ನೀಲಿಯದರ ಮೇಲಿನ ಅಕ್ಷರಗಳು ಕೈಯ ಉಜ್ಜಿಗೆ ಅಳಿಸಿಹೋಗಿದ್ದವು. ಇನ್ನೊಂದರ ಪೆಟ್ಟಿಗೆಯನ್ನೇ ಒಡೆದಿರಲಿಲ್ಲ. ಮೂಲೆಯಲ್ಲಿ ಅರಿಶಿನದ ಬೆರಳಚ್ಚು, ದೇವರ ಗೂಡಿನಲ್ಲಿ ಇಟ್ಟಿದ್ದರಂತೆ. “ಕಷ್ಟ ನಿವಾರಣೆಗೆ ಅಲ್ಲವೇ ಸ್ವಾಮಿ, ದೊಡ್ಡ ಕಷ್ಟ ಬಂದಾಗ ಇರಲಿ ಎಂದು ಎತ್ತಿಟ್ಟಿದ್ದೇನೆ” ಎಂದರು. ಆಲೆಮನೆಯ ಹೊಗೆಯಲ್ಲಿ ದಿನವೆಲ್ಲ ನಿಲ್ಲುವವರು ಅವರು. ನೀಲಿಯದು ಸಾಲ್ಬುಟಮಾಲ್, ಉಸಿರುನಾಳದ ಬಿಗಿತವನ್ನು ನಿಮಿಷಗಳಲ್ಲಿ ಸಡಿಲಿಸುತ್ತದೆ, ನಾಲ್ಕರಿಂದ ಆರು ಗಂಟೆ ಆಸರೆಯಾಗುತ್ತದೆ. ಒಳಗಿನ ಊತವನ್ನು ಮುಟ್ಟುವುದಿಲ್ಲ. ಊತ ಇಳಿಸುವುದು ಒಡೆಯದೆ ಇದ್ದ ಆ ಪೆಟ್ಟಿಗೆಯಲ್ಲಿದ್ದ ಬ್ಯುಡೆಸೊನೈಡ್. ಅದನ್ನು ಚೆನ್ನಾಗಿರುವ ದಿನವೂ ಎಳೆಯಬೇಕು. ಪೂರ್ತಿ ಗುಣ ಕಾಣಲು ವಾರಗಳು ಬೇಕು. ನನ್ನ ಪದ ಆ ತಾಯಿಗೆ ಇದರ ತಿರುಗುಮುರುಗು ಹೇಳಿತ್ತು.

ಮಂಗಳೂರಿನ ಗೆಳೆಯರ ‘ಉಸಿರುಮದ್ದು’ ಕಿವಿಗೆ ಇಂಪಾಗಿದೆ. ಆದರೆ ನಿಮ್ಮ ಕಡೆ ಮದ್ದು ಎಂದರೆ ಬರಿಯ ಔಷಧ. ಮಂಡ್ಯದ ಹಳ್ಳಿಗಳಲ್ಲಿ ಮದ್ದು ಎಂದೊಡನೆ ಅನ್ನದಲ್ಲಿ ಕದ್ದು ಹಾಕುವ ಮದ್ದು ನೆನಪಾಗುತ್ತದೆ, ಅದನ್ನು ತೆಗೆಸಲು ಊರೂರು ಅಲೆಯುವವರಿದ್ದಾರೆ. ಬೇಡ. ‘ಔಷಧಿ ಪಂಪು’ ಸಹ ಬೇಡ. ರೋಗಿಗಳು ತಮ್ಮ ತಮ್ಮಲ್ಲಿ ಪಂಪು ಎನ್ನುವುದು ನಿಜ, ಅದು ಅವರ ಸ್ವತ್ತು. ಆದರೆ ಗದ್ದೆಗೆ ಔಷಧಿ ಹೊಡೆಯುವ ಪಂಪು ಪ್ರತಿ ಮನೆಯ ಕೊಟ್ಟಿಗೆಯಲ್ಲಿ ನೇತಾಡುತ್ತಿರುವಾಗ ಅದೇ ಮಾತನ್ನು ಆಸ್ಪತ್ರೆಯ ಗೋಡೆಗೆ ಏರಿಸಲಾರೆ.

‘ಇನ್‌ಹೇಲರ್ ಎಂಬ ಪರಕೀಯ ಪದವನ್ನು ಬಿಟ್ಟು ಅಚ್ಚಗನ್ನಡದ ದಮ್ಮಿನಿಂದ ಪದ ಕಟ್ಟಿ’ ಎಂದವರಿಗೆ: ದಮ್ಮು ಪಾರಸಿಯಿಂದ ಬಂದದ್ದು, ಅಲ್ಲಿ ಅದಕ್ಕೆ ಉಸಿರು ಎಂದೇ ಅರ್ಥ. ನಮ್ಮ ಅಜ್ಜಂದಿರು ಅದನ್ನು ತಮ್ಮದಾಗಿಸಿಕೊಂಡರು, ಇನ್‌ಹೇಲರನ್ನು ನಾವು ಆಗಿಸಿಕೊಂಡಿದ್ದೇವೆ. ಪೆಟ್ಟಿಗೆಯ ಮೇಲೆ ಆ ಪದವಿದೆ, ಔಷಧ ಅಂಗಡಿಯವರ ಬಾಯಲ್ಲಿ ಆ ಪದವಿದೆ. ಗೋಡೆಯಲ್ಲಿ ಮಾತ್ರ ‘ಶ್ವಾಸಸೇಚಕ’ ಎಂದಿದ್ದರೆ ರೋಗಿ ಅದನ್ನು ಮೂರನೆಯ ಔಷಧ ಎಂದುಕೊಳ್ಳುತ್ತಾರೆ. ಇನ್‌ಹೇಲರ್ ಉಳಿಯುತ್ತದೆ. ಈ ಬಗ್ಗೆ ನಾನು ಮತ್ತೆ ಉತ್ತರಿಸುವುದಿಲ್ಲ.

ಕನ್ನಡ ಬೇಕಿರುವುದು ಯಾವಾಗ, ಹೇಗೆ ಎಂಬಲ್ಲಿ. ನಾನು ಬರೆಯಬೇಕೆಂದಿರುವುದು: ‘ದಿನವೂ ಎಳೆಯುವ ಇನ್‌ಹೇಲರ್’, ‘ಉಬ್ಬಸ ಬಂದಾಗ ಎಳೆಯುವ ಇನ್‌ಹೇಲರ್’. ಇದು ಪದವಲ್ಲ, ಮುರಿದ ವಾಕ್ಯ ಎಂದು ಒಬ್ಬರು ತಳ್ಳಿಹಾಕಿದರು. ಬೀಸುವ ಕಲ್ಲು, ಕುಡಿಯುವ ನೀರು, ಮಲಗುವ ಕೋಣೆ ಇವೆಲ್ಲ ಏನು? ಕೃದಂತವನ್ನು ಮುಂದಿಟ್ಟು ಹೆಸರಿಡುವುದು ಕನ್ನಡದ ಹಳೆಯ ಜಾಡು. ‘ಶಮನಕ’ದಂಥ ಸಂಸ್ಕೃತ ಪದಕ್ಕಿಂತ ಇದೇ ಹೆಚ್ಚು ಕನ್ನಡ ಎನ್ನುತ್ತೇನೆ.

ಬಣ್ಣದ ಹೆಸರು ಸಾಕಲ್ಲವೇ ಎಂದವರಿದ್ದಾರೆ. ಸಾಲದು. ನೀಲಿ ಸಾಮಾನ್ಯವಾಗಿ ರಿಲೀವರ್, ಆದರೆ ಎಲ್ಲ ಕಂಪನಿಗಳೂ ಒಂದೇ ಬಣ್ಣಕ್ಕೆ ಬದ್ಧವಲ್ಲ. ಇನ್ನೂ ಮುಖ್ಯವಾದದ್ದು, ಹನ್ನೆರಡು ವರ್ಷ ದಾಟಿದವರಿಗೆ ಸಾಲ್ಬುಟಮಾಲ್ ಒಂದನ್ನೇ ಕೊಡುವುದು ಬೇಡ ಎಂದು 2019ರಿಂದ ಗಿನಾ (ಆಸ್ತಮಾ ಕುರಿತ ಜಾಗತಿಕ ಸಂಸ್ಥೆ) ಮಾರ್ಗಸೂಚಿ ಹೇಳುತ್ತಿದೆ. ಬ್ಯುಡೆಸೊನೈಡ್ ಮತ್ತು ಉಸಿರುನಾಳ ಸಡಿಲಿಸುವ ಫಾರ್ಮೊಟೆರಾಲ್ ಕೂಡಿದ ಒಂದೇ ಇನ್‌ಹೇಲರನ್ನು ಕೆಲವರಿಗೆ ದಿನಕ್ಕೂ ಉಬ್ಬಸಕ್ಕೂ ಬರೆದುಕೊಡುತ್ತಾರೆ. ಹೆಸರು ಡಬ್ಬಿಗೆ ಅಂಟಿದ್ದರೆ ಅಲ್ಲಿ ಕೆಟ್ಟಿತು. ಹೊತ್ತಿಗೆ ಅಂಟಿದ್ದರೆ ವೈದ್ಯರು ಎರಡೂ ಸಾಲಿಗೆ ಗುರುತು ಹಾಕಬಹುದು.

ಪುಡಿಯ ಇನ್‌ಹೇಲರ್ ಬಗೆಗೆ ಒಂದು ಮಾತು. ರೋಟಾಹೇಲರಿಗೆ (ಔಷಧವನ್ನು ಪುಡಿಯಾಗಿ ಎಳೆಯುವ ಸಾಧನ) ಹಾಕುವುದನ್ನು ‘ಗುಳಿಗೆ’ ಎಂದು ಬರೆಯಬೇಡಿ. ಗುಳಿಗೆ ಎಂದರೆ ನುಂಗುವುದು. ನುಂಗಿದವರನ್ನು ನಾನು ಕಂಡಿದ್ದೇನೆ. ‘ಪುಡಿ ತುಂಬಿದ ಕ್ಯಾಪ್ಸೂಲ್, ನುಂಗಬಾರದು’ ಎಂದೇ ಇರಲಿ.

ಹಾಗೆಯೇ ಔಷಧ ಎಳೆದ ಮೇಲಿನ ಹತ್ತು ಸೆಕೆಂಡಿಗೆ ‘ಉಸಿರು ಕಟ್ಟಿ’ ಎಂದು ಸೂಚಿಸಿದವರು ದಯವಿಟ್ಟು ಮರಳಿ ಯೋಚಿಸಿ. ಉಸಿರು ಕಟ್ಟುತ್ತದೆ ಎಂದು ಬಂದವರಿಗೆ ಉಸಿರು ಕಟ್ಟಿ ಎನ್ನಬೇಕೇ? ‘ಉಸಿರು ಹಿಡಿದುಕೊಳ್ಳಿ’ ಎಂದು ತಿದ್ದಿದ್ದೇನೆ.

ಇನ್ನು ಉಳಿದಿರುವುದು ಒಂದೇ, ಕ್ರಿಯಾಪದ. ‘ಹೀರಿ’ ಎಂದರೆ ಕಾಫಿಯ ಹಾಗೆ ಬಾಯಿಯವರೆಗೆ ಮಾತ್ರ ಎಳೆಯುತ್ತಾರೆ, ಪುಡಿ ನಾಲಗೆಯ ಮೇಲೇ ಉಳಿಯುತ್ತದೆ. ‘ಸೇದಿ’ ಎಂದರೆ ಬಾವಿಯ ನೀರಿಗಿಂತ ಮೊದಲು ಬೀಡಿ ಬರುತ್ತದೆ. ಆದ್ದರಿಂದ ‘ಎಳೆಯಿರಿ’ ಎಂದಿಟ್ಟಿದ್ದೇನೆ. ಆದರೆ ಗ್ಯಾಸ್ ತುಂಬಿದ ಡಬ್ಬಿಯ ಇನ್‌ಹೇಲರನ್ನು ನಿಧಾನವಾಗಿ, ಆಳವಾಗಿ ಎಳೆಯಬೇಕು. ಪುಡಿಯದನ್ನು ಒಮ್ಮೆಗೇ ರಭಸದಿಂದ ಎಳೆಯಬೇಕು. ಈ ಎರಡನೆಯ ಎಳೆತಕ್ಕೆ ‘ಜೋರಾಗಿ’ ಎಂದು ಸೇರಿಸಿದರೆ ಕೆಲವರು ಸದ್ದು ಮಾಡುತ್ತಾರೆಯೇ ಹೊರತು ಗಾಳಿ ಎಳೆಯುವುದಿಲ್ಲ. ‘ಬಿರುಸಾಗಿ’ ಎಂದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಯ ವಯಸ್ಸಾದವರಿಗೆ ಸರಿಯಾಗಿ ತಲುಪುತ್ತದೆಯೇ? ಆ ಕಡೆಯವರು ಮನೆಯ ಹಿರಿಯರನ್ನು ಕೇಳಿ, ಭಾನುವಾರ ರಾತ್ರಿಯೊಳಗೆ ತಿಳಿಸಿ.