ಗಣಿ ಡಾಕ್ಟರ ಮುಂದೆ ಮನಸ್ಸಿನ ವಿಷಯ ಬಾಯಿಬಿಟ್ಟರೆ ಕೆಲಸಕ್ಕೆ ಕುತ್ತಾ?

ಲೋಡರ್ ಆಪರೇಟರ್ (ಪ್ರಶ್ನೆ):

ನಾನು ನೆಲದಡಿಯ ಗಣಿಯಲ್ಲಿ ಲೋಡರ್ ಓಡಿಸುತ್ತೇನೆ. ಕೆಲವು ತಿಂಗಳ ಹಿಂದೆ ನಮ್ಮ ಲೆವೆಲ್‌ನಲ್ಲಿ ಮೇಲಿಂದ ಕಲ್ಲು ಕಳಚಿ ಜೊತೆಯವನ ಕಾಲ ಮೇಲೆ ಬಿತ್ತು. ಜೀವಕ್ಕೆ ಏನೂ ಆಗಲಿಲ್ಲ, ಆದರೆ ಇನ್ನು ಕೆಳಗೆ ಇಳಿಯುವ ಹಾಗಿಲ್ಲ. ಅವನನ್ನು ಸ್ಟ್ರೆಚರ್‌ಗೆ ಎತ್ತಿದವರಲ್ಲಿ ನಾನೂ ಒಬ್ಬ. ಮರುದಿನ ಎಲ್ಲರೂ ಎಂದಿನಂತೆ ಕೆಲಸಕ್ಕೆ ಇಳಿದೆವು.

ಆಗ ಏನೂ ಅನ್ನಿಸಿರಲಿಲ್ಲ. ಈಗ ಶುರುವಾಗಿದೆ. ನಮ್ಮನ್ನು ಕೆಳಗೆ ಇಳಿಸುವ ಕೇಜ್ ಬಾಗಿಲು ಬಡಿದ ಸದ್ದಿಗೆ ಎದೆ ಡವಡವ ಅನ್ನುತ್ತದೆ. ಬಕೆಟ್ ತುಂಬುವಾಗ ಮುಂದೆ ನೋಡುವ ಬದಲು ಮೇಲೆ ನೋಡುತ್ತಿರುತ್ತೇನೆ. ಕ್ಯಾಪ್‌ಲ್ಯಾಂಪ್ ಬೆಳಕು ಅದೇ ಒಂದು ಬಿರುಕಿನ ಮೇಲೆ ನಿಂತುಬಿಡುತ್ತದೆ. ರಾತ್ರಿ ಪಾಳಿ ಮುಗಿಸಿ ಮಲಗಿದರೆ ಸ್ವಲ್ಪ ಹೊತ್ತಿಗೇ ಬೆವತು ಎಚ್ಚರ. ಮನೆಯಲ್ಲಿ ಸುಮ್ನೆ ಸುಮ್ನೆ ರೇಗುತ್ತೇನೆ.

ಕೆಳಗೆ ಇಳಿಯುವವರು ಟೋಕನ್ ಹಾಕುವ ಬೋರ್ಡ್ ಪಕ್ಕದಲ್ಲೇ ಸಹಾಯವಾಣಿಯ ಪೋಸ್ಟರ್ ಇದೆ. ಅದರ ಮುಂದೆ ನಿಂತು ನಂಬರ್ ಬರೆದುಕೊಳ್ಳುವವನನ್ನು ನಾನಂತೂ ಕಂಡಿಲ್ಲ. ಪಾಳಿಯವರೆಲ್ಲ ಅಲ್ಲೇ ಸಾಲುಗಟ್ಟಿ ನಿಂತಿರುತ್ತಾರೆ, ಯಾರು ತಾನೇ ನಿಲ್ಲುತ್ತಾರೆ?

ಮುಂದಿನ ತಿಂಗಳು ವೈದ್ಯಕೀಯ ಪರೀಕ್ಷೆ ಇದೆ. ಫಾರಂನಲ್ಲಿ 'ನಿದ್ದೆ ಸರಿಯಾಗಿ ಬರುತ್ತದೆಯೇ' ಅಂತ ಇರುತ್ತದೆ. ಎಲ್ಲರೂ 'ಹೌದು' ಅಂತ ಗುರುತು ಹಾಕುತ್ತಾರೆ. ನಾನು ನಿಜ ಬರೆದರೆ 'ಅನ್‌ಫಿಟ್' ಮಾಡಿ ಮೇಲೆ ಕೂರಿಸುತ್ತಾರಾ? ಕೆಳಗಿನ ಭತ್ಯೆ ಹೋದರೆ ಸಂಸಾರಕ್ಕೆ ಕಷ್ಟ. ಇಂಥ ದಾರಿಯಲ್ಲಿ ಹೋದವರು ಯಾರಾದರೂ ಇದ್ದರೆ ಹೇಳಿ.

---

ಹಳೇ ಫೋರ್‌ಮನ್:

ತಮ್ಮಾ, ನಿನ್ನ ಹೆದರಿಕೆ ಸುಳ್ಳಲ್ಲ. 'ಹೇಳಿಬಿಡು, ಏನೂ ಆಗಲ್ಲ' ಅಂತ ಬೆನ್ನು ತಟ್ಟಿ ಕಳಿಸುವವನು ನಾನಲ್ಲ. ಎಲ್ಲ ಗಣಿಯೂ ಒಂದೇ ಥರ ಇರುವುದಿಲ್ಲ. ಆದರೆ ನೀನು ಎರಡು ಬೇರೆ ಬೇರೆ ಬಾಗಿಲುಗಳನ್ನು ಒಂದೇ ಅಂದುಕೊಂಡಿದ್ದೀಯ. ಮೊದಲು ಅದನ್ನು ಬಿಡಿಸಿಕೊಳ್ಳೋಣ.

ವೈದ್ಯಕೀಯ ಪರೀಕ್ಷೆ ಮಾಡುವ ಡಾಕ್ಟರ ಕೆಲಸ, ಇವನು ಈ ಕೆಲಸಕ್ಕೆ ಆಗುತ್ತಾನೋ ಇಲ್ಲವೋ ಅಂತ ನೋಡುವುದು. ನಿನಗೆ ಚಿಕಿತ್ಸೆ ಕೊಡುವ ಡಾಕ್ಟರು ಬೇರೆ. ಮೊದಲನೆಯವರ ಮೇಜಿನ ಮುಂದೆ, ಹಿಂದೆ ಇಪ್ಪತ್ತು ಜನ ಅಂಗಿ ಬಿಚ್ಚಿ ಕಾಯುತ್ತಿರುವಾಗ, ಈ ವಿಷಯ ತೆಗೆದರೆ ಅವರಿಗೂ ಪುರುಸೊತ್ತಿಲ್ಲ, ನಿನಗೂ ಬಾಯಿ ಬರುವುದಿಲ್ಲ. ಅದಕ್ಕೇ ಪರೀಕ್ಷೆಯ ದಿನದವರೆಗೆ ಕಾಯಬೇಡ. ಅದಕ್ಕೂ ಮೊದಲೇ ಹೊರಗಿನ ಡಾಕ್ಟರನ್ನು ಕಾಣು. ಸಾಧಾರಣ ಡಾಕ್ಟರಾದರೂ ಸಾಕು, ಮುಂದಕ್ಕೆ ಯಾರ ಹತ್ತಿರ ಹೋಗಬೇಕು ಅಂತ ಅವರೇ ಚೀಟಿ ಬರೆಯುತ್ತಾರೆ. ಆಮೇಲೆ ಫಾರಂನಲ್ಲಿ ಸುಳ್ಳು ಬರೆಯುವ ಪ್ರಮೇಯವೇ ಬರುವುದಿಲ್ಲ. 'ನಿದ್ದೆ ಸರಿಯಿಲ್ಲ, ಚಿಕಿತ್ಸೆ ನಡೆಯುತ್ತಿದೆ' ಅಂತ ಬರೆಯಬಹುದು. ಸುಮ್ನೆ 'ನಿದ್ದೆ ಸರಿಯಿಲ್ಲ' ಅನ್ನುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ. ಸುಳ್ಳು ಬರೆದು ಮುಂದೆ ಏನಾದರೂ ಅಪಘಾತವಾದರೆ ಮೊದಲು ಆ ಫಾರಂ ಹೊರಗೆ ಬರುತ್ತದೆ. ಅದನ್ನೂ ನೆನಪಿಟ್ಟುಕೋ.

ಎರಡನೇದು, ಬಾಯಿ ಬಿಡುವ ಮೊದಲು ಕೇಳು: 'ನಾನು ಹೇಳುವುದರಲ್ಲಿ ಮ್ಯಾನೇಜರ್ ಕೈಗೆ ಹೋಗುವುದು ಎಷ್ಟು?' ಇದು ಉದ್ಧಟತನ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1985ರಲ್ಲೇ 171ನೇ ಶಿಫಾರಸಿನಲ್ಲಿ ಇದನ್ನು ಹೇಳಿದೆ. ಪರೀಕ್ಷೆ ಆದ ಮೇಲೆ ಮಾಲೀಕರಿಗೆ ಕೊಡುವ ಚೀಟಿಯಲ್ಲಿ ಕಾಯಿಲೆಯ ವಿವರ ಇರಬಾರದು. ಈ ಕೆಲಸಕ್ಕೆ ಆಗುತ್ತಾನೆ, ಇಂಥ ಕೆಲಸ ಬೇಡ, ಇಷ್ಟು ಮಾತ್ರ. ಅದು ಶಿಫಾರಸು, ಕಾನೂನಿನಷ್ಟು ಬಲ ಅದಕ್ಕಿಲ್ಲ. ನಿನ್ನ ದೇಶದ ಕಾನೂನು, ನಿನ್ನ ಗಣಿಯ ನಿಯಮ ಏನು ಅನ್ನುತ್ತವೆ ಅಂತ ಯೂನಿಯನ್‌ನವರ ಹತ್ತಿರ ಕೇಳು. ನಿನ್ನ ವಿಷಯ ಅಂತ ಹೇಳಬೇಡ, ನಿಯಮ ಏನು ಅಂತಷ್ಟೇ ಕೇಳು.

ಇನ್ನು ಡಾಕ್ಟರ ಹತ್ತಿರ ಹೇಗೆ ಹೇಳುವುದು. ನಾನು ಕಂಡಂತೆ ನಮ್ಮ ಜನ ಇಲ್ಲೇ ಎಡವುವುದು. ಒಳಗೆ ಹೋಗಿ 'ಬೆನ್ನು ನೋವು' ಅನ್ನುತ್ತಾರೆ, 'ಹೊಟ್ಟೆ ಉರಿ' ಅನ್ನುತ್ತಾರೆ. ಮಾತ್ರೆ ತಗೊಂಡು ಬರುತ್ತಾರೆ. ಬೆನ್ನು ನೋವೂ ನಿಜವೇ, ಯಾರೂ ಸುಳ್ಳು ಹೇಳುವುದಿಲ್ಲ. ಆದರೆ ಉಳಿದ ಅರ್ಧ ಹೇಳುವುದೇ ಇಲ್ಲ. ನೀನು ನಿದ್ದೆಯಿಂದ ಶುರು ಮಾಡು, ಅದು ಸುಲಭ. ಆಮೇಲೆ ಇಲ್ಲಿ ಬರೆದಿರುವುದನ್ನೇ ಹೇಳು. ಕೇಜ್ ಬಾಗಿಲು, ಬಿರುಕು, ಬೆವರು, ಮನೆಯಲ್ಲಿ ರೇಗುವುದು, ಎಲ್ಲ. ಕುಡಿತ ಜಾಸ್ತಿಯಾಗಿದ್ದರೆ ಅದನ್ನೂ ಹೇಳು. ಕುಡಿದರೆ ಬೇಗ ನಿದ್ದೆ ಹತ್ತುತ್ತದೆ ಸರಿ, ಆದರೆ ನಡುವೆ ಕಿತ್ತು ಎಬ್ಬಿಸುತ್ತದೆ. ಕಾಯಿಲೆಗೆ ಹೆಸರು ಇಡುವ ಕೆಲಸ ಡಾಕ್ಟರದು, ನಿನ್ನದಲ್ಲ.

ಕಡೆಗೆ ಒಂದು, ಇದು ಫೋರ್‌ಮನ್ ಮಾತು. ನಿದ್ದೆ ಇಲ್ಲದ ದಿನ, ಕಣ್ಣು ಮೇಲೇ ಹೋಗುವ ದಿನ, ಮೆಷಿನ್ ಹತ್ತಬೇಡ. ಹದಿನೇಳು ಗಂಟೆ ಎಚ್ಚರವಿದ್ದವನ ಕೈ ಚಳಕ, ರಕ್ತದಲ್ಲಿ 0.05 ಶೇಕಡಾ ಮದ್ಯ ಇದ್ದವನ ಮಟ್ಟಕ್ಕೆ ಇಳಿಯುತ್ತದೆ ಅಂತ 1997ರಲ್ಲೇ ಪರೀಕ್ಷೆ ಮಾಡಿ ತೋರಿಸಿದ್ದಾರೆ. ನಿನ್ನ ಬಕೆಟ್ ಮುಂದೆ ನಡೆಯುವವನಿಗೂ ಮನೆ ಇದೆ. 'ಇವತ್ತು ನಿದ್ದೆ ಆಗಿಲ್ಲ, ಬೇರೆ ಕೆಲಸ ಕೊಡಿ' ಅಂದರೆ ಸಾಕು, ಕಾರಣ ಹೇಳಬೇಕಿಲ್ಲ. ನನ್ನ ಹತ್ತಿರ ಹಾಗೆ ಕೇಳಿದವರನ್ನು ನಾನು ಪಂಪಿನ ಹತ್ತಿರವೋ ಸ್ಟೋರಿಗೋ ಹಾಕುತ್ತಿದ್ದೆ. ಗೊಣಗುವ ಮೇಲಿನವರು ಗೊಣಗಲಿ.

---

ಆರೋಗ್ಯ ಕೇಂದ್ರದ ಸಿಸ್ಟರ್:

ಫೋರ್‌ಮನ್ ಸರ್ ಚೆನ್ನಾಗಿ ಹೇಳಿದ್ದಾರೆ. ನಾನು ಮೇಜಿನ ಈ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಅಪಘಾತ ಆದ ಕೂಡಲೇ ಏನೂ ಅನ್ನಿಸದೆ, ತಿಂಗಳುಗಳ ಮೇಲೆ ಶುರುವಾಗುವುದು ವಿಚಿತ್ರ ಏನಲ್ಲ. ಆಘಾತದ ನಂತರದ ತೊಂದರೆ ಹಾಗೆ ತಡವಾಗಿ ಬರುವುದುಂಟು. ನಿಮಗೆ ಅದೇ ಇದೆ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಆದರೆ ಅದಕ್ಕೆ ಪರಿಣಾಮ ಬೀರುವ ಮಾತಿನ ಚಿಕಿತ್ಸೆ ಇದೆ ಅಂತ ಹೇಳಬಲ್ಲೆ. ಸುಮ್ನೆ ಕೂತು ಸಮಾಧಾನ ಹೇಳುವುದಲ್ಲ ಅದು. ಹೆದರಿಸುವ ನೆನಪನ್ನು ಸ್ವಲ್ಪ ಸ್ವಲ್ಪವೇ ತೆಗೆದು, ಅದರ ಜೊತೆ ಕೂರುವುದನ್ನು ಕಲಿಸುತ್ತಾರೆ. ಕೆಲವು ವಾರಗಳ ಕೆಲಸ.

ಮೊದಲ ದಿನ ಒಂದು ಹಾಳೆ ಕೊಡಬಹುದು, ಒಂಬತ್ತು ಪ್ರಶ್ನೆ ಇರುತ್ತವೆ. ಪಿಎಚ್‌ಕ್ಯೂ-9 ಅನ್ನುತ್ತಾರೆ. ಕಳೆದ ಎರಡು ವಾರ ಹೇಗಿತ್ತು ಅಂತ ಕೇಳುತ್ತದೆ. ಅದು ಖಿನ್ನತೆ ಅಳೆಯುವ ಹಾಳೆ, ಪಾಸು ಫೇಲು ಅಲ್ಲ. ಕೊನೆಯ ಪ್ರಶ್ನೆ, ಸತ್ತರೆ ಮೇಲು ಅಂತ ಅನ್ನಿಸಿದೆಯಾ ಅಂತ. ಅದನ್ನು ಓದಿ ಬಹಳ ಜನ ತಡವರಿಸುತ್ತಾರೆ. ನಿಜವನ್ನೇ ಬರೆಯಿರಿ. ಗುಟ್ಟು ಉಳಿಸಿಕೊಳ್ಳುವ ವಿಷಯದಲ್ಲಿ ಒಂದು ಮಿತಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಈಗಲೇ ಅಪಾಯ ಇದೆ ಅನ್ನಿಸಿದರೆ ನಾವು ಸುಮ್ಮನಿರುವ ಹಾಗಿಲ್ಲ. ಅಂಥ ಯೋಚನೆ ಬಂದ ದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಒಬ್ಬರೇ ಇರಬೇಡಿ, ಯಾರನ್ನಾದರೂ ಜೊತೆಗೆ ಕರೆದುಕೊಂಡು ಹತ್ತಿರದ ತುರ್ತು ವಿಭಾಗಕ್ಕೆ ಹೋಗಿ.

ಮಾತ್ರೆ ವಿಷಯ. 'ನಾನು ನೆಲದಡಿ ಭಾರಿ ಮೆಷಿನ್ ಓಡಿಸುತ್ತೇನೆ, ಪಾಳಿ ಬದಲಾಗುತ್ತಿರುತ್ತದೆ' ಅಂತ ಮೊದಲ ವಾಕ್ಯದಲ್ಲೇ ಹೇಳಿ. ಕೆಲವು ಮಾತ್ರೆ ಮಂಪರು ತರುತ್ತವೆ. ನಿದ್ದೆ ಮಾತ್ರೆಯ ಮಂಪರು ಎದ್ದ ಮೇಲೂ ಉಳಿಯಬಹುದು. ಖಿನ್ನತೆಗೆ ಕೊಡುವ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ನಾಲ್ಕು ದಿನ ನುಂಗಿ 'ಏನೂ ಆಗಲಿಲ್ಲ' ಅಂತ ಬಿಡಬೇಡಿ. ಗುಣ ಕಂಡಿತು ಅಂತ ಒಮ್ಮೆಲೇ ನಿಲ್ಲಿಸಲೂಬೇಡಿ.

ಇನ್ನೊಂದು ಮಾತು. ಅಪಘಾತದ ಮರುದಿನ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಆದದ್ದನ್ನೆಲ್ಲ ಒಬ್ಬೊಬ್ಬರೂ ಹೇಳಲೇಬೇಕು ಅನ್ನುವ ಪದ್ಧತಿ ಕೆಲವು ಕಡೆ ಇನ್ನೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಅದು ಬೇಡ ಅನ್ನುತ್ತದೆ. ಮಾತಾಡುವವನು ಮಾತಾಡಲಿ, ಸುಮ್ಮನಿರುವವನ ಪಕ್ಕ ಯಾರಾದರೂ ಕೂರಲಿ, ಮನೆ ತಲುಪಿಸಲಿ, ಒಂದೆರಡು ವಾರ ಬಿಟ್ಟು ಮತ್ತೆ ವಿಚಾರಿಸಲಿ. ನಿಮಗೆ ಈ ಕೊನೆಯದು ಆಗಿಲ್ಲ ಅನ್ನಿಸುತ್ತದೆ.

---

ಬಂಡೆಗಲ್ಲು:

ಇದೆಲ್ಲ ಈಗಿನವರ ಹೊಸ ಕಾಯಿಲೆ. ನಾವೂ ಹೆಣ ಎತ್ತಿದ್ದೇವೆ, ಮರುದಿನ ಕೆಲಸಕ್ಕೂ ಹೋಗಿದ್ದೇವೆ. ಗಣಿಗೆ ಇಳಿಯುವವನಿಗೆ ಗುಂಡಿಗೆ ಇರಬೇಕು.

---

ಹಳೇ ಫೋರ್‌ಮನ್:

ಬಂಡೆಗಲ್ಲಣ್ಣಾ, ಚಿಲಿಯ ಸ್ಯಾನ್ ಹೋಸೆ ಗಣಿ ನೆನಪಿದೆಯಾ? 2010ರ ಆಗಸ್ಟ್ 5ರಂದು ಕುಸಿಯಿತು. 33 ಜನ, ಸುಮಾರು 700 ಮೀಟರ್ ಆಳ, 69 ದಿನ. ಅಷ್ಟು ದಿನ ಒಬ್ಬರಿಗೊಬ್ಬರು ಆತುಕೊಂಡು, ತುತ್ತು ಹಂಚಿಕೊಂಡು ಬದುಕಿ ಬಂದವರು. ಅವರಿಗಿಂತ ಗಟ್ಟಿ ಗುಂಡಿಗೆ ಬೇಕಾ? ಮೇಲೆ ಬಂದ ಮೇಲೆ ಅವರಲ್ಲಿ ಎಷ್ಟೋ ಜನ ಕೆಟ್ಟ ಕನಸು, ನಿದ್ದೆ ಇಲ್ಲದಿರುವುದು, ಕುಡಿತ ಅಂತ ವರ್ಷಗಟ್ಟಲೆ ಒದ್ದಾಡಿದರು. ನೀವು ಹೇಳುವ ಕಾಲದಲ್ಲೂ ಇದು ಇತ್ತು. ಮಧ್ಯಾಹ್ನವೇ ಬಾಟ್ಲಿ ತೆರೆಯುತ್ತಿದ್ದವರು, ಕಾರಣವಿಲ್ಲದೆ ಹೆಂಡತಿ ಮಕ್ಕಳನ್ನು ಹೊಡೆಯುತ್ತಿದ್ದವರು ನಿಮ್ಮ ಪಾಳಿಯಲ್ಲಿ ಯಾರೂ ಇರಲಿಲ್ವಾ?

---

ಡಂಪರ್ ಚಾಲಕ:

ನಾನು ತೆರೆದ ಗಣಿಯವನು. ಕುಸಿತದ ಹೆದರಿಕೆ ಕಮ್ಮಿ. ನಮ್ಮ ಗೋಳು ಕ್ಯಾಂಪಿನದು. ವಾರಗಟ್ಟಲೆ ಅಲ್ಲೇ ಇರುವುದು, ಆಮೇಲೆ ಮನೆ, ಮತ್ತೆ ಕ್ಯಾಂಪ್. ಹನ್ನೆರಡು ಗಂಟೆ ಪಾಳಿ. ಕಂಪನಿ ಕೊಟ್ಟ ಕೌನ್ಸೆಲಿಂಗ್ ನಂಬರ್ ಇದೆ, ಒಳ್ಳೆಯದೇ. ಆದರೆ ಎಲ್ಲಿ ಕೂತು ಮಾತಾಡುವುದು? ಕೋಣೆಯ ಗೋಡೆ ಎಷ್ಟು ತೆಳು ಅಂದರೆ ಪಕ್ಕದವನು ಮಗ್ಗುಲು ಬದಲಿಸಿದರೂ ಕೇಳುತ್ತದೆ. ನಾನು ನಿಲ್ಲಿಸಿದ ಜೀಪಿನಲ್ಲಿ ಗಾಜು ಏರಿಸಿ ಕೂತು ಮಾತಾಡುತ್ತಿದ್ದೆ. ಸಿಗ್ನಲ್ ಅಲ್ಲಿ ಮಾತ್ರ ಸಿಗುತ್ತಿತ್ತು. ಹೊರಗಿನವರಿಗೆ ಯಾರೋ ಮನೆಗೆ ಫೋನ್ ಮಾಡುತ್ತಿದ್ದಾನೆ ಅಂತ ಕಾಣುತ್ತದೆ ಅಷ್ಟೇ.

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ವಿಮಾನದಲ್ಲಿ ಹೋಗಿಬಂದು ಕೆಲಸ ಮಾಡುವ ಗಣಿ ಕಾರ್ಮಿಕರ ಆತ್ಮಹತ್ಯೆ ದೊಡ್ಡ ಸುದ್ದಿಯಾದ ಮೇಲೆ ಅಲ್ಲಿನ ಶಾಸನಸಭೆಯ ಸಮಿತಿ ವಿಚಾರಣೆ ಮಾಡಿ 2015ರಲ್ಲಿ ವರದಿ ಕೊಟ್ಟಿತು. 2019ರಲ್ಲಿ ಕ್ಯಾಂಪು, ರೋಸ್ಟರು ಹೇಗಿರಬೇಕು ಅಂತ ನಿಯಮಾವಳಿಯೂ ಬಂತು. ನನಗೆ ಅದರಲ್ಲಿ ಇಷ್ಟವಾದದ್ದು, ತೊಂದರೆ ಆಳಿನ ತಲೆಯಲ್ಲಿ ಮಾತ್ರ ಇಲ್ಲ, ಪಾಳಿ ಹಾಕುವ ಪಟ್ಟಿಯಲ್ಲೂ ಇದೆ ಅಂತ ಒಪ್ಪಿಕೊಂಡದ್ದು.

ಅದೇ ದೇಶದಲ್ಲಿ 'ಮೇಟ್ಸ್' ಅಂತ ಒಂದು ಕೂಟ ಇದೆ. 2008ರಲ್ಲಿ ಕಟ್ಟಡ ಕಾರ್ಮಿಕರಿಗಾಗಿ ಶುರುವಾಗಿ ಆಮೇಲೆ ಗಣಿಗೂ ಬಂತು. ಕೆಲಸಗಾರರಲ್ಲೇ ಕೆಲವರಿಗೆ ತರಬೇತಿ ಕೊಡುತ್ತಾರೆ, ಹೆಲ್ಮೆಟ್ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಅವನು ಚಿಕಿತ್ಸೆ ಕೊಡುವುದಿಲ್ಲ. ಕೇಳಿಸಿಕೊಂಡು, ಜೊತೆಗಿದ್ದು, ಸರಿಯಾದ ಜಾಗಕ್ಕೆ ಮುಟ್ಟಿಸುತ್ತಾನೆ. ಪೋಸ್ಟರ್‌ಗಿಂತ ಇದು ಎಷ್ಟೋ ವಾಸಿ. ಸ್ಟಿಕ್ಕರ್ ಹಾಕಿದವನ ಹತ್ತಿರ ನಿಂತು ಮಾತಾಡಿದರೆ ಯಾರಿಗೂ ಅನುಮಾನ ಬರುವುದಿಲ್ಲ, ಮೆಷಿನ್ ವಿಷಯ ಮಾತಾಡುತ್ತಿದ್ದಾನೆ ಅಂದುಕೊಳ್ಳುತ್ತಾರೆ.

---

ಡ್ರಿಲ್ಲರ್ ಮನೆಯವಳು:

ಅಣ್ಣಾ, ನಿಮ್ಮ ಮನೆಯವರಿಗೆ ಹೇಳಿದ್ದೀರಾ? ನೀವು ಅದನ್ನು ಬರೆದಿಲ್ಲ. ನೀವು ಹೇಳದಿದ್ದರೂ ಅವರಿಗೆ ಗೊತ್ತಾಗಿರುತ್ತದೆ. ಏನಾಗಿದೆ ಅಂತ ಮಾತ್ರ ಗೊತ್ತಿರುವುದಿಲ್ಲ, ತನ್ನ ಮೇಲೆ ಕೋಪ ಅಂದುಕೊಂಡಿರುತ್ತಾರೆ. ನಮ್ಮವರು ಡಾಕ್ಟರ ಮುಂದೆ 'ಸ್ವಲ್ಪ ನಿದ್ದೆ ಕಮ್ಮಿ' ಅಂದರು. ಪಕ್ಕದಲ್ಲಿ ಕೂತಿದ್ದ ನಾನು, ರಾತ್ರಿ ನಿದ್ದೆಯಲ್ಲೇ ಎರಡೂ ಕೈ ತಲೆಗೆ ಅಡ್ಡ ಹಿಡಿದುಕೊಳ್ಳುತ್ತಾರೆ ಅಂತ ಹೇಳಿದೆ. ಅದು ಅವರಿಗೇ ಗೊತ್ತಿರಲಿಲ್ಲ. ಡಾಕ್ಟರು ಪೆನ್ ಕೆಳಗಿಟ್ಟು ಕೇಳಲು ಶುರು ಮಾಡಿದ್ದು ಆಗಲೇ. ಜೊತೆಗೆ ಕರೆದುಕೊಂಡು ಹೋಗಿ.

---

ಲೋಡರ್ ಆಪರೇಟರ್:

ಎಲ್ಲರಿಗೂ ಥ್ಯಾಂಕ್ಸ್. ಅಕ್ಕ ಹೇಳಿದ ಮೇಲೆ ಮನೆಯಲ್ಲಿ ಹೇಳಿದೆ. ಅವಳು ಅತ್ತಳು, ಆಮೇಲೆ ಅವಳೇ ಹೊರಗಿನ ಡಾಕ್ಟರಿಗೆ ಫೋನ್ ಮಾಡಿ ಸಮಯ ಕೇಳಿದಳು. ಎರಡು ಸಮಯ ಕೊಟ್ಟಿದ್ದಾರೆ. ಒಂದು ರಾತ್ರಿ ಪಾಳಿ ಮುಗಿದ ಬೆಳಿಗ್ಗೆ, ರಜೆ ಹಾಕುವ ಹಾಗಿಲ್ಲ. ಇನ್ನೊಂದು ವಾರದ ರಜೆಯ ದಿನ, ಆದರೆ ಆರು ದಿನ ತಡ. ಯಾವುದು ಆರಿಸಲಿ? ಫೋರ್‌ಮನ್ ಅಣ್ಣಾ, ಅಲ್ಲಿಯವರೆಗೆ ಪಂಪಿನ ಹತ್ತಿರ ಹಾಕಿ ಅಂತ ನಮ್ಮ ಫೋರ್‌ಮನ್‌ಗೆ ಕೇಳಲಾ?

---

ಹಳೇ ಫೋರ್‌ಮನ್:

ಕೇಳು. ಪಾಳಿ ಶುರುವಾಗುವ ಮೊದಲೇ ಕೇಳು, ಎಲ್ಲರೂ ಹೆಲ್ಮೆಟ್ ಹಾಕಿಕೊಂಡು ಸೇರಿದ ಮೇಲೆ ಬೇಡ. ಸಮಯ ಬೆಳಗಿನದನ್ನೇ ತಗೋ, ತಡ ಮಾಡಬೇಡ. ಆದರೆ ನಿದ್ದೆಗಣ್ಣಲ್ಲಿ ಗಾಡಿ ಓಡಿಸಿಕೊಂಡು ಹೋಗಬೇಡ, ಯಾರಾದರೂ ಕರೆದುಕೊಂಡು ಹೋಗಲಿ. ನಿನಗೆ ಮಾತು ಹೊರಡದಿದ್ದರೆ ಮೇಲೆ ನೀನು ಬರೆದ ಪ್ರಶ್ನೆಯನ್ನು ಫೋನ್‌ನಲ್ಲಿ ತೆರೆದು ಡಾಕ್ಟರ ಕೈಗೆ ಕೊಡು.